ಜಾಲರಿಗೆ ಅಕ್ಕನೂ ಒಂದೇ, ಕಪ್ಪೆಯೂ ಒಂದೇ

ಜಾಲರಿ ಅಕ್ಕನ ಕೋಲು ಎಷ್ಟು ಉದ್ದವೆಂದರೆ, ಹಿಡಿಯ ಹತ್ತಿರ ಬೆಳಕು ಹರಿದಾಗ ತುದಿಯ ಹಲ್ಲುಗಳ ಕಡೆ ಇನ್ನೂ ಕತ್ತಲೆ. ಆ ಕಬ್ಬಿಣದ ಹಲ್ಲುಗಳನ್ನು ಹೊಳೆಗೆ ಇಳಿಸಿ, ಪಂಪ್‌ಹೌಸಿನ ಬಾಯಿಗೆ ಅಡ್ಡ ಹಾಕಿದ ಜಾಲರಿಯನ್ನು ಅವರು ಕೆರೆದು ಎತ್ತುತ್ತಾರೆ. ಎಲೆ, ಕಡ್ಡಿ, ಪ್ಲಾಸ್ಟಿಕ್ ಚೀಲ, ಒಂಟಿ ಚಪ್ಪಲಿ ಮೇಲೆ ಬರುತ್ತವೆ. ಇಲ್ಲಿ ಕಸ ಕಟ್ಟಿಕೊಂಡರೆ ಊರಿನ ನಲ್ಲಿಗಳು ಬರೀ ಗಾಳಿ ಉಗುಳುತ್ತವೆ.

ಎತ್ತಿದ ಕಸವನ್ನು ನೇರವಾಗಿ ಗಾಡಿಗೆ ಸುರಿಯಬೇಕು. ಅಕ್ಕ ಸುರಿಯುವುದಿಲ್ಲ. ಕಟ್ಟೆಯ ಮೇಲೆ ಹರವಿ, ಮೊಣಕೈ ತನಕ ಕೈ ಹಾಕಿ ತಡಕುತ್ತಾರೆ. ಊರಿಗೆ ಅನುಮಾನ ಹುಟ್ಟಿದ್ದೇ ಅಲ್ಲಿ. ಕಸದಲ್ಲಿ ಸಿಕ್ಕ ಉಂಗುರಗಳಿಂದಲೇ ಮನೆ ಕಟ್ಟಿಸಿದ್ದಾರಂತೆ, ಅವರ ಬೆಕ್ಕಿಗೂ ಓಲೆ ಇದೆಯಂತೆ. ಅವರ ಬಗ್ಗೆ ಬರೆಯಲು ಬಂದ ನಾನೂ ಮೊದಲು ನೋಡಿದ್ದು ಅವರ ಬೆರಳುಗಳನ್ನೇ. ಬರೀ ಕೆಸರು. ಮನೆಗೂ ಹೋಗಿ ಬಂದೆ. ಒಂದೇ ಕೋಣೆ. ಬೆಕ್ಕಿಗೆ ಓಲೆ ಇರಲಿ, ಒಂದು ಕಿವಿಯೇ ಇಲ್ಲ.

ಪಂಪ್‌ಹೌಸಿನ ಸೂಪರ್‌ವೈಸರ್‌ಗೆ ಬೇರೆ ಅನುಮಾನ. ಅಕ್ಕ ಮೀನು ಕದ್ದು ಮಾರುತ್ತಾರೆ, ಅದಕ್ಕೇ ಊರಿಗೆ ನೀರು ತಡ ಎನ್ನುವುದು ಅವರ ಲೆಕ್ಕ. "ಒಂದೇ ಒಂದು ಮೀನು ಸಿಗ್ಲಿ, ಅವತ್ತೇ ಕೆಲಸದಿಂದ ತೆಗೀತೀನಿ" ಎಂದಿದ್ದಾರೆ. ಇವತ್ತು ಹಿಡಿಯಲೆಂದೇ ಬಂದು ಪೈಪಿನ ಹಿಂದೆ ಅಡಗಿ ಕೂತಿದ್ದಾರೆ. ಹೊಟ್ಟೆ ಮಾತ್ರ ಪೈಪಿನ ಎರಡೂ ಕಡೆ ಕಾಣುತ್ತಿದೆ.

ಅನುಮಾನ ಅಕ್ಕನಿಗೂ ಕಡಿಮೆಯಿಲ್ಲ. ಅವರದು ಹೊಳೆಯ ಮೇಲೆ. "ಸದ್ದು ಮಾಡ್ತಾ ಹರಿದ್ರೆ ಪರವಾಗಿಲ್ಲ. ಸುಮ್ನಿದ್ರೆ ಏನೋ ಯೋಚನೆ ಮಾಡ್ತಿದೆ ಅಂತ. ಎಲ್ರೂ ಹೊಳೆ ನಮ್ದು ನಮ್ದು ಅಂತೀರಲ್ಲ, ಯಾರಾದ್ರೂ ಹೊಳೇನ ಕೇಳಿದೀರಾ?"

ಇದಕ್ಕೆ ಕಾರಣವಿದೆ. ಒಂದು ಮಳೆಗಾಲ ಅವರು ಕಾಲು ಜಾರಿ ಬಿದ್ದರು. ಪಂಪು ಎಳೆಯುವ ರಭಸಕ್ಕೆ ನೀರು ಅವರನ್ನು ಜಾಲರಿಗೆ ಒತ್ತಿ ಹಿಡಿಯಿತು.

"ಈ ಕಡೆ ಮರದ ತುಂಡು, ಆ ಕಡೆ ಕಪ್ಪೆ, ಮಧ್ಯ ನಾನು. ನೀನೂ ಬಂದ್ಯಾ ಅನ್ನೋ ಹಾಗೆ ಕಪ್ಪೆ ನನ್ನ ಮುಖಾನೇ ನೋಡ್ತಿತ್ತು. ಊರಿಗೆ ನೀರು ಕೊಡೋಳು ಅಂತ ಜಾಲರಿ ದಾರಿ ಬಿಡ್ತಾ? ಅದಕ್ಕೆ ನಾನೂ ಕಸ, ಕಪ್ಪೇನೂ ಕಸ."

ಪಂಪು ನಡೆಸುವ ಅಕ್ಕನ ಮೈದುನ ಮೋಟಾರು ನಿಲ್ಲಿಸಿ, ಇದೇ ಕೋಲಿನಿಂದ ಅವರನ್ನು ಎಳೆದು ಹಾಕಿದ. "ಗಾಡಿಗೆ ಸುರಿಯೋದ್ರಲ್ಲಿದ್ದೆ. ಅತ್ತಿಗೆ ಬೈದ್ರು, ಗುರುತು ಸಿಕ್ತು" ಎನ್ನುತ್ತಾನೆ ಅವನು.

"ಸುಮ್ನಿರೋ" ಎನ್ನುತ್ತಾರೆ ಅಕ್ಕ. "ಕಪ್ಪೆಗೆ ಬೈಯೋಕೆ ಬರಲ್ವಲ್ಲ. ಅದಕ್ಕೇ ಕೈ ಹಾಕಿ ನೋಡೋದು."

ಕಸ ಹರವಿದ್ದೇ ತಡ, ಪೈಪಿನ ಹಿಂದಿನಿಂದ ಸೂಪರ್‌ವೈಸರ್ ಎದ್ದು ಬರುತ್ತಾರೆ. "ಕೈ ತೆಗೀರಿ. ಮೀನು ಎಲ್ಲಿದೆ ನಾನೇ ನೋಡ್ತೀನಿ." ಅಂಗಿಯ ತೋಳು ಮಡಚಿ ರಾಶಿಯೊಳಗೆ ಕೈ ತೂರಿಸುತ್ತಾರೆ. ಅವರು ಕಿರುಚಿದ ಸದ್ದಿಗೆ ಆಚೆ ದಡದ ಕೊಕ್ಕರೆಗಳು ಊರು ಬಿಟ್ಟು ಹೋದವು, ಇನ್ನೂ ವಾಪಸ್ಸು ಬಂದಿಲ್ಲ. ಬೆರಳಿಗೆ ಏಡಿಯೊಂದು ನೇತಾಡುತ್ತಿದೆ.

"ಕಳ್ಳ ಸಿಕ್ಕಿದ್ನಾ ಸಾರ್?" ಮೈದುನ ಕೇಳುತ್ತಾನೆ.

ಅಕ್ಕ ನಗುವುದಿಲ್ಲ. ಸೂಪರ್‌ವೈಸರ್ ಮಣಿಕಟ್ಟು ಹಿಡಿದು, ಏಡಿ ಸಮೇತ ಕೈಯನ್ನು ನೀರಿನಲ್ಲಿ ಅದ್ದುತ್ತಾರೆ. ಏಡಿ ಬೆರಳು ಬಿಟ್ಟು ಹೊರಟುಹೋಗುತ್ತದೆ. ಕಟ್ಟೆಯ ಮೇಲೆ ರಾಶಿ ಇನ್ನೂ ಅಲುಗುತ್ತಿದೆ.

"ಇನ್ನೂ ಏನಾದ್ರೂ ಇದೆಯೇನ್ರೀ ಅದ್ರಲ್ಲಿ?"

"ನೋಡ್ದೆ ಹೇಗೆ ಹೇಳ್ಲಿ ಸಾರ್."

ಸೂಪರ್‌ವೈಸರ್ ಬೆರಳು ಚೀಪುತ್ತಾ ರಾಶಿಯನ್ನೇ ದಿಟ್ಟಿಸುತ್ತಾರೆ. "ಸರಿ, ನೋಡಿ. ಬೇಗ ನೋಡಿ. ನಾಳೆ ಮತ್ತೆ ಬರ್ತೀನಿ." ಹೋಗುವಾಗ ಅಕ್ಕನ ಊಟದ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿಯೇ ಹೋಗುತ್ತಾರೆ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಅಕ್ಕ ಹೊಳೆಯ ಕಡೆ ಓರೆಗಣ್ಣಲ್ಲಿ ನೋಡುತ್ತಾರೆ.

"ನನ್ನ ನಂತರ ಈ ಕೋಲು ಹಿಡಿಯೋರು ಒಂದ್ಸಲ ಆ ಜಾಲರೀಲಿ ಸಿಕ್ಕಿಹಾಕ್ಕೊಂಡು ಬಂದವರಾಗಿರ್ಬೇಕು. ಸ್ವಲ್ಪ ಹೊತ್ತು ಸಾಕು. ಬೇಕಾದ್ರೆ ನಾನೇ ತಳ್ತೀನಿ."

ನಾನು ಕಟ್ಟೆಯ ಅಂಚಿನಿಂದ ಮೆಲ್ಲಗೆ ಹಿಂದೆ ಸರಿದು ನಿಲ್ಲುತ್ತೇನೆ. ಹೊಳೆ ಈಗ ಸುಮ್ಮನಿದೆ.