ಡೀಸೆಲ್ ಸೋಸುವ ಸೀರೆ

ಗೆಳೆಯರೇ, ಇವತ್ತು ಝಳಕಿಯ ಏರಿನಲ್ಲಿ ಎತ್ತಿನ ಗಾಡಿಯೊಂದು ನನ್ನ ಹಳೆಯ ಡೀಸೆಲ್ ಕಾರನ್ನು ಹಿಂದೆ ಹಾಕಿತು. ಅವಮಾನ ತಾಳದೆ ಇಂಡಿಗೆ ಹೋಗಿ ಮಿಸ್ತ್ರಿಯ ಮುಂದೆ ನಿಲ್ಲಿಸಿದೆ. ಆತ ಫಿಲ್ಟರ್ ಬಿಚ್ಚಿದರೆ ಒಳಗೆಲ್ಲ ಕೆಂಪು ನೂಲಿನ ಎಳೆಗಳು.

"ಮನ್ಯಾಗ ಬ್ಯಾರಲ್ಲಿನ್ಯಾಗ ಇಟ್ಟ ಡೀಸೆಲ್ ಹಾಕ್ತೀರೇನ್ರಿ? ಯಾತರಾಗ ಸೋಸ್ತೀರಿ?"

"ನಮ್ಮ ಮನಿಯಾಕಿ ಹಳೇ ಸೀರ್ಯಾಗ."

"ಅದು ಸವದು ಎಳಿ ಬಿಡಾಕತ್ತೈತ್ರಿ. ಎಂಜಿನ್ನಿಗೆ ಡೀಸೆಲ್ಲ ಹೋಗವಲ್ದು. ಅವರಿಗೆ ಹೇಳಿ ಬ್ಯಾರೆ ಅರಿವಿ ಇಸಗೋರಿ."

"ಆಕಿ ಹೋಗಿ ವರ್ಷ ಆತು."

ಮಿಸ್ತ್ರಿ ಫಿಲ್ಟರ್ ತೊಳೆದು ಕೂಡಿಸಿದ. ಬರುವಾಗ ಕಾರು ಹಾರಿಕೊಂಡು ಬಂತು. ಮೊದಲೆಲ್ಲ ಪಕ್ಕದಲ್ಲಿ ಕೂತು "ಸಾವಕಾಶ ಹೊಡೀರಿ" ಎಂದು ಬೈಯುತ್ತಿದ್ದವಳು ಆಕೆ. ಈ ಒಂದು ವರ್ಷ ಆ ಕೆಲಸವನ್ನು ಸೀರೆ ಮಾಡುತ್ತಿತ್ತು. ಇವತ್ತು ದುಡ್ಡು ಕೊಟ್ಟು ಅದರಿಂದಲೂ ಆ ಕೆಲಸ ಬಿಡಿಸಿ ಬಂದೆ.