ಪ್ಲಾಟಿನಂ ಕಣಗಳ ಮೇಲೆ ಮುಕುಂದನ ತೀರ್ಪು

ವಿಲಾಯಿತಿಯ ಗ್ರೀನ್‌ಫರ್ಡ್‌ನ ಗೋದಾಮುಗಳ ನಡುವೆ, ಕಾರ್ಖಾನೆಗಳಿಗೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸುವ ಕ್ಯಾಟಲಿಸ್ಟ್ ಪುಡಿ ಮಾಡಿಕೊಡುವ ಕಂಪನಿಯೊಂದಿದೆ. ಅಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಮುಂದೆ ಕೂರುವ ಮೈಸೂರಿನ ಮುಕುಂದನಿಗೆ ಎರಡು ಬಗೆಯ ಜನರನ್ನು ಕಂಡರೆ ಆಗುತ್ತಿರಲಿಲ್ಲ: ಪಿಎಚ್‌ಡಿ ಮಾಡಿದವರು, ಮತ್ತು ಮಾಡುತ್ತಿರುವವರು. ಅವರ ಕಣ್ಣಿಗೆ ಬೇಕಾದದ್ದಷ್ಟೇ ಕಾಣುತ್ತದೆ ಎಂದು ಹನ್ನೊಂದು ವರ್ಷದಿಂದ ಮೂಗು ಮುರಿಯುತ್ತಾ ಬಂದಿದ್ದ. ಕ್ವೀನ್ಸ್‌ಬರಿಯ ಅಂಗಡಿಯಲ್ಲಿ ಬದನೆಕಾಯಿ ಆರಿಸುವಾಗಲೂ ಇದೇ ಮಾತು. ತಾನಾದರೋ ಒಂದೇ ಕಣವನ್ನು ಇಪ್ಪತ್ತು ನಿಮಿಷ ದಿಟ್ಟಿಸುತ್ತೇನೆ ಎಂಬ ಹೆಮ್ಮೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ.

ಈ ಸಲ ಅವನ ಕೈಗೆ ಸಿಕ್ಕಿದವಳು ನಿಖಿತಾ, ಪಿಎಚ್‌ಡಿ ಮುಗಿಸಿ ಬೆಂಗಳೂರಿನಿಂದ ಬಂದು ಇನ್ನೂ ಪ್ರೊಬೇಷನ್ ಮುಗಿಯದವಳು. ಟೈಟಾನಿಯಾ ಎಂಬ ಬಿಳಿ ಆಕ್ಸೈಡ್ ಪುಡಿಯ ಮೇಲೆ ಪ್ಲಾಟಿನಂನ ಅತಿಸಣ್ಣ ಕಣಗಳನ್ನು ಕೂರಿಸಿ ತಂದಿದ್ದಳು. ಕಣದ ಮೈ ಬರಿದಾಗಿದ್ದರೆ ಅದು ದುಡಿಯುತ್ತದೆ. ಕೆಳಗಿನ ಆಕ್ಸೈಡೇ ತೆವಳಿ ಬಂದು ಅದಕ್ಕೆ ಹೊದಿಕೆಯಾಗಿಬಿಟ್ಟರೆ ಕೆಲಸ ಕೆಟ್ಟಂತೆ. ಮುಕುಂದ ನೋಡಿದ, ಹೊದಿಕೆ ಕಂಡ, ಸತ್ತಿದೆ ಎಂದು ರಿಪೋರ್ಟ್ ಬರೆದ. ಆ ರಿಪೋರ್ಟ್ ಶುಕ್ರವಾರ ಮೇಲಕ್ಕೆ ಹೋದರೆ ಅವಳ ಕೆಲಸ ಹೋಗುತ್ತಿತ್ತು, ಕೆಲಸದ ಜೊತೆಗೆ ಇಲ್ಲಿರಲು ಬೇಕಾದ ವೀಸಾ.

ಪರೀಕ್ಷೆಯ ರಿಯಾಕ್ಟರಿನಲ್ಲಿ ತನ್ನ ಪುಡಿ ಚೆನ್ನಾಗಿಯೇ ದುಡಿಯುತ್ತಿದೆ ಎಂದು ಅವಳು ಹೇಳಿದಾಗ ಅವನಿಗೆ ನಗು ಬಂತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಪುಡಿಯ ಹೊಸ ಜಾಗದಲ್ಲಿ, ಮೈಕ್ರೋಸ್ಕೋಪಿನ ಕಿರಣ ಬಿದ್ದ ಕೂಡಲೇ ಒಂದು ಚಿತ್ರ ತೆಗೆಯಿರಿ ಎಂದು ಅವಳು ಪಟ್ಟು ಹಿಡಿದಳು. ಅವಳ ಬಾಯಿ ಮುಚ್ಚಿಸಲೆಂದೇ ತೆಗೆದ.

ಕಣದ ಮೇಲೆ ಹೊದಿಕೆ ಇರಲಿಲ್ಲ. ಇಬ್ಬರೂ ಅದನ್ನೇ ನೋಡುತ್ತಾ ಕೂತರು. ನಾಲ್ಕನೇ ನಿಮಿಷಕ್ಕೆ ಅಂಚಿನಲ್ಲಿ ತೆಳ್ಳಗೆ ಪೊರೆ ಕಟ್ಟತೊಡಗಿತು. ಒಂಬತ್ತನೆಯದಕ್ಕೆ ಕಣ ಪೂರ್ತಿ ಮುಚ್ಚಿಹೋಯಿತು. ಎಲೆಕ್ಟ್ರಾನ್ ಕಿರಣದ ಏಟಿಗೇ ಆಕ್ಸೈಡ್ ಮೇಲೆ ಹತ್ತುತ್ತಿತ್ತು. ಇಷ್ಟು ವರ್ಷ ಮುಕುಂದ ಕಂಡ ಹೊದಿಕೆಗಳಲ್ಲಿ ಎಷ್ಟನ್ನು ಅವನೇ ಹೊದಿಸಿದ್ದನೋ ಹೇಳುವವರಿಲ್ಲ.

ಆದರೂ ಮಹಾಶಯ ಹೊಸ ರಿಪೋರ್ಟಿನಲ್ಲಿ ಬರೆದದ್ದು, ಮೊದಲು ನೋಡಿದ ಸ್ಯಾಂಪಲ್ಲಿನಲ್ಲಿ ದೋಷವಿತ್ತು ಎಂದು.

"ದೋಷ ಸ್ಯಾಂಪಲ್ಲಿನದಲ್ಲ ಸರ್," ಎಂದಳು ನಿಖಿತಾ.

ಅವನಿಗೆ ನಾಚಿಕೆಯಾಯಿತು. ಅಭ್ಯಾಸವಿಲ್ಲದ ನಾಚಿಕೆ, ಕುರ್ಚಿಯಲ್ಲಿ ಕೂರಲೂ ಆಗಲಿಲ್ಲ, ಏಳಲೂ ಆಗಲಿಲ್ಲ. ಆ ಸಾಲು ಅಳಿಸಿ, ತಪ್ಪು ನನ್ನದು ಎಂದು ಬರೆದು ಕಳಿಸಿದ. ಅವಳು ಥ್ಯಾಂಕ್ಸ್ ಹೇಳಿ ಕೋಟು ಹಾಕಿಕೊಳ್ಳತೊಡಗಿದಳು.

"ವೇಣುಗೋಪಾಲನ ಪೌಡರೂ ಸತ್ತಿದೆ ಅಂತಾನೇ ಬರೆದಿದ್ದೆ," ಎಂದ ಮುಕುಂದ.

"ವೇಣುಗೋಪಾಲ ಯಾರು ಸರ್?"

"ನಿಂಗಿಂತ ಮುಂಚೆ ನಿನ್ನ ಸೀಟಲ್ಲಿ ಕೂರ್ತಿದ್ದೋನು."