ಸೆಲ್ಬಿ ಪಾರ್ಡಿ ಚಹಾ ಬೇಡವೆಂದ ಎರಡು ದಿನ

ಜೆಸ್ಸಿ ಅತ್ತೆಯ ಮನೆಯ ಎಣ್ಣೆ ಹೀಟರು ಮತ್ತೆ ಗುರ್ರೆನ್ನತೊಡಗಿದಾಗ ಶುಕ್ರವಾರ ಬೆಳಗಿನ ಹತ್ತು ಗಂಟೆ. ಸೆಲ್ಬಿ ಪಾರ್ಡಿ ನೆಲಮಾಳಿಗೆಯಿಂದ ಮೆಟ್ಟಿಲು ಹತ್ತಿ ಬಂದು ಕೈ ತೊಳೆದುಕೊಂಡ. ಮೇಜಿನ ಮೇಲೆ ಆಗಲೇ ಚಹಾ ಬಂದು ಕೂತಿತ್ತು. ಎಷ್ಟು ಡಬ್ಬಿ ಹಾಲು ಸುರಿದರೂ ಬಣ್ಣ ಬಿಡದಂಥ ಕಡಕ್ ಚಹಾ. ಪಕ್ಕದಲ್ಲಿ ಕಾಡುಹಣ್ಣಿನ ಕೆಂಪು ಜಾಮು ಸವರಿದ ಬ್ರೆಡ್ಡು.

"ಇವತ್ತು ಬೇಡ ಅತ್ತೆ," ಅಂದ ಸೆಲ್ಬಿ.

"ಏನಂದೆ?"

"ಚಹಾ ಬೇಡ. ಒಂದು ಲೋಟ ನೀರು ಕೊಡಿ ಸಾಕು. ತಣ್ಣಗಿರೋದು ಬೇಡ, ಉಗುರುಬೆಚ್ಚಗಿರಲಿ."

ಜೆಸ್ಸಿ ಅತ್ತೆ ಕೆಟಲನ್ನು ಕೈಯಲ್ಲಿ ಹಿಡಿದುಕೊಂಡೇ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಉಗುರುಬೆಚ್ಚನೆ ನೀರಾ! ಯಾಕೋ ಮಗಾ, ನನ್ನ ಚಹಾದಲ್ಲಿ ಇಲಿ ಬಿದ್ದಿದೆ ಅಂದ್ಕೊಂಡ್ಯಾ?"

"ಹೊಟ್ಟೆ ಸರಿ ಇಲ್ಲ ಅತ್ತೆ," ಎಂದು ತುಟಿ ಬಿಚ್ಚದೆ ಗೊಣಗಿ ಸೆಲ್ಬಿ ಹೊರಬಿದ್ದ.

ಆ ಕೊಲ್ಲಿಯ ಊರುಗಳಲ್ಲಿ ಮೂವತ್ತೊಂದು ವರ್ಷದಿಂದ ಮನೆಮನೆಯ ಹೀಟರು ರಿಪೇರಿ ಮಾಡುತ್ತ ಬಂದವನು ಅವನು. ನ್ಯೂಫೌಂಡ್ಲೆಂಡಿನ ಚಳಿಯಲ್ಲಿ ಒಂದು ಮನೆಗೆ ಹೋಗಿ ಚಹಾ ಕುಡಿಯದೆ ಎದ್ದುಬರುವುದೆಂದರೆ ಆ ಮನೆಯವರ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಅವತ್ತು ಎರಡನೇ ಮನೆಯಲ್ಲೂ ಬೇಡವೆಂದ, ಮೂರನೇ ಮನೆಯಲ್ಲೂ ಬೇಡವೆಂದ. ಹೊರಗೆ ಬಂದಾಗಲೆಲ್ಲ ನವೆಂಬರಿನ ಗಾಳಿ ಹಲ್ಲಿಗೆ ಸೋಕಿ ಜುಂ ಎನ್ನುತ್ತಿತ್ತು. ಮಫ್ಲರನ್ನು ಮೂಗಿನವರೆಗೆ ಎಳೆದುಕೊಂಡು ವ್ಯಾನು ಓಡಿಸಿದ.

ಹಿಂದಿನ ದಿನ ಗ್ಯಾಂಡರ್ ಪಟ್ಟಣದಲ್ಲಿ ಹಲ್ಲಿನ ಡಾಕ್ಟರಮ್ಮ ಹೇಳಿದ್ದು ಅವನ ತಲೆಯಲ್ಲಿ ಕೊರೆದಂತೆ ಕೂತಿತ್ತು. "ನೋಡಿ ಪಾರ್ಡಿಯವರೇ, ಎರಡು ದಿನ ನಿಮ್ಮ ಹಲ್ಲು ಯಾವ ಬಣ್ಣ ಸಿಕ್ಕಿದರೂ ಹೀರಿಕೊಳ್ಳುತ್ತೆ. ಬಿಳಿ ಅಂಗಿ ಮೇಲೆ ಬಿದ್ದರೆ ಕಲೆ ಆಗುವಂಥದ್ದು ಯಾವುದೂ ಬಾಯಿಗೆ ಹೋಗಬಾರದು. ಚಹಾ, ಕಾಫಿ, ಜಾಮು, ಬೀಟ್ರೂಟು, ಟೊಮೆಟೊ ಸಾಸು, ಎಲ್ಲ ಬಂದ್. ಮೀನು, ಆಲೂಗಡ್ಡೆ, ಅನ್ನ, ಹಾಲು, ಬಾಳೆಹಣ್ಣು ತಿನ್ನಿ. ಮೆತ್ತನೆ ಬ್ರಷ್ಷಿನಲ್ಲಿ ಹಗುರವಾಗಿ ಉಜ್ಜಿ. ಜುಂ ಅಂದರೆ ಹೆದರಬೇಡಿ, ಎರಡು ಮೂರು ದಿನದಲ್ಲಿ ಹೋಗುತ್ತೆ. ಇನ್ನೂ ಬೆಳ್ಳಗಾಗಲಿ ಅಂತ ಮತ್ತೆ ಔಷಧಿ ಮಾತ್ರ ಹಚ್ಚಿಕೊಳ್ಳಬೇಡಿ."

ಸೆಲ್ಬಿಗೆ ಐವತ್ತೇಳು ವರ್ಷ. ಹುಟ್ಟಿದ್ದು ಕೊಲ್ಲಿಯಾಚೆಯ ಒಂದು ದ್ವೀಪದಲ್ಲಿ. ಅಲ್ಲೀಗ ಯಾರೂ ಇಲ್ಲ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಾಗ ಅವು ಕಂದು ಬಣ್ಣದವಾಗಿ, ಅಡ್ಡಡ್ಡಕ್ಕೆ ಬೂದುಬಣ್ಣದ ಪಟ್ಟಿ ಎಳೆದ ಹಾಗೆ ಬಂದವು. ಶಾಲೆಯಲ್ಲಿ ಟೀಚರು ಸಾಲಿನಲ್ಲಿ ನಿಲ್ಲಿಸಿ ಹಲ್ಲು ನೋಡುತ್ತಿದ್ದಳು. "ಪಾರ್ಡಿ, ಮನೆಗೆ ಹೋಗಿ ಹಲ್ಲುಜ್ಜಿಕೊಂಡು ಬಾ" ಎಂದು ಎರಡು ಸಲ ವಾಪಸ್ಸು ಕಳಿಸಿದಳು. ಹುಡುಗರು "ತುಕ್ಕು" ಎಂದು ಹೆಸರಿಟ್ಟರು. ಅವನು ಅಡುಗೆ ಸೋಡಾ ಹಾಕಿ ಒಸಡಿನಲ್ಲಿ ರಕ್ತ ಬರುವವರೆಗೆ ಉಜ್ಜುತ್ತಿದ್ದ. ಬಣ್ಣ ಒಂದಿಷ್ಟೂ ಹೋಗುತ್ತಿರಲಿಲ್ಲ.

ಆಮೇಲೆ ಅವನು ನಗುವುದನ್ನೇ ಬಿಟ್ಟ. ನಗು ಬಂದರೆ ಕೆಮ್ಮು ಬಂದವರಂತೆ ಮುಷ್ಟಿಯನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದ. ಫೋಟೋ ಅಂದರೆ ಹಿಂದಿನ ಸಾಲು. ಇಪ್ಪತ್ತೆಂಟರಲ್ಲಿ ಕ್ಲೆಮಿ ಎಂಬ ಹುಡುಗಿ ಎರಡು ಚಳಿಗಾಲ ಅವನ ಜೊತೆ ಓಡಾಡಿದಳು. ಕೊನೆಗೆ, "ನಿನ್ನ ಮನಸ್ಸಲ್ಲಿ ಏನಿದೆ ಅಂತಾನೇ ಗೊತ್ತಾಗಲ್ಲ ಸೆಲ್ಬಿ, ಗೋಡೆ ಜೊತೆ ಮಾತಾಡಿದ ಹಾಗಾಗುತ್ತೆ" ಎಂದು ಹೇಳಿ ಟೊರಾಂಟೊಗೆ ಹೊರಟುಹೋದಳು. ಊರಿನವರು ಅವನನ್ನು ಬಿಗುಮಾನದವನು, ಆದರೆ ಕೆಲಸಗಾರ ಎನ್ನುತ್ತಿದ್ದರು. ತಾನು ಕೊಳಕ ಎಂದು ಅವನು ಒಳಗೊಳಗೇ ನಂಬಿದ್ದು ಯಾರಿಗೂ ಗೊತ್ತಿರಲಿಲ್ಲ.

ಹೋದ ವಸಂತದಲ್ಲಿ ದವಡೆಹಲ್ಲು ನೋವೆಂದು ಗ್ಯಾಂಡರಿಗೆ ಹೋದಾಗ ಆ ಹೊಸ ಡಾಕ್ಟರಮ್ಮ ದೀಪ ಹಿಡಿದು ನೋಡಿ ಒಂದು ಪ್ರಶ್ನೆ ಕೇಳಿದಳು: "ಚಿಕ್ಕವರಿದ್ದಾಗ ಬಹಳ ದಿನ ಏನಾದ್ರೂ ಔಷಧಿ ಕುಡಿದಿದ್ರಾ?"

"ಎದೆಕೆಮ್ಮು ಇತ್ತು ಅಂತ ಅಮ್ಮ ಹೇಳ್ತಾಳೆ. ಯಾಕೆ?"

"ಆಗಿನ ಕಾಲದ ಒಂದು ಔಷಧಿ ಹೀಗೆ ಮಾಡ್ತಿತ್ತು. ಒಸಡಿನ ಒಳಗೆ ಬೆಳೀತಿರೋ ಹಲ್ಲಿಗೇ ಬಣ್ಣ ಕೂತುಬಿಡೋದು. ಇದು ಕೊಳೆ ಅಲ್ಲ, ಪಾರ್ಡಿಯವರೇ. ಉಜ್ಜಿದರೆ ಹೋಗುವಂಥದ್ದು ಯಾವತ್ತೂ ಆಗಿರಲಿಲ್ಲ."

ಸೆಲ್ಬಿ ಹೊರಗೆ ಬಂದು ವ್ಯಾನಿನ ಕನ್ನಡಿ ತನ್ನ ಕಡೆ ತಿರುಗಿಸಿ ಹಲ್ಲು ನೋಡಿಕೊಂಡ. ಮುಂದಿನ ವಾರ ವಾಪಸ್ಸು ಹೋಗಿ, ಬೆಳ್ಳಗೆ ಮಾಡೋಕೆ ಆಗುತ್ತಾ ಎಂದು ಕೇಳಿದ. ಪೂರ್ತಿ ಆಗಲ್ಲ, ಒಸಡಿನ ಹತ್ತಿರ ಸ್ವಲ್ಪ ಬೂದು ಉಳಿಯುತ್ತೆ, ತಿಂಗಳುಗಟ್ಟಲೆ ಹಿಡಿಯುತ್ತೆ ಎಂದು ಅವಳು ಮೊದಲೇ ಹೇಳಿದಳು. ಐದು ತಿಂಗಳು ಪ್ರತಿದಿನ ಮಲಗುವಾಗ ಹಲ್ಲಿನ ಅಚ್ಚಿಗೆ ಔಷಧಿ ತುಂಬಿ ಹಾಕಿಕೊಂಡ. ಕೊನೆಯ ಸಲ ಡಾಕ್ಟರಮ್ಮನ ಕೈಯಲ್ಲೇ ಗಟ್ಟಿ ಔಷಧಿ ಹಚ್ಚಿಸಿಕೊಳ್ಳಲು ಗುರುವಾರ ಹೋಗಿ ಬಂದಿದ್ದ. ತಾಯಿಗೆ ಮಾತ್ರ ಒಂದು ಮಾತೂ ಹೇಳಿರಲಿಲ್ಲ. ಎಂಬತ್ತಕ್ಕೆ ಒಂದೇ ಕಡಿಮೆಯಿರುವ ಮುದುಕಿಯ ಹತ್ತಿರ ಆ ಹಳೆಯ ಕೆಮ್ಮಿನ ವಿಷಯ ಎತ್ತಿ ಆಗಬೇಕಾದ್ದೇನು ಎಂದುಕೊಂಡಿದ್ದ.

ಆದರೆ ಜೆಸ್ಸಿ ಅತ್ತೆಯ ಮನೆಯಲ್ಲಿ ಫೋನಿತ್ತು. ಸಂಜೆ ಅವನು ತಾಯಿಯ ಮನೆಗೆ ಬಂದಾಗ ಅಮ್ಮ ಎಲ್ಫ್ರೀಡಾ ಬಾಗಿಲಲ್ಲೇ ನಿಂತಿದ್ದಳು.

"ಮೂರು ಮನೇಲಿ ಚಹಾ ಬೇಡ ಅಂದ್ಯಂತೆ. ಏನು ಕಾಯಿಲೆ? ಮುಚ್ಚಿಡಬೇಡ."

"ಕಾಯಿಲೆ ಏನೂ ಇಲ್ಲ ಅಮ್ಮ."

"ನಿಮ್ಮಪ್ಪನೂ ಹೀಗೇ ಚಹಾ ಬಿಟ್ಟ. ಆರು ವಾರ ಆಗೋದ್ರೊಳಗೆ ಹೋಗೇಬಿಟ್ಟ. ಕೂತ್ಕೋ, ಊಟ ಮಾಡು."

ತಟ್ಟೆಯಲ್ಲಿ ಮೀನು, ಆಲೂಗಡ್ಡೆ, ಪಕ್ಕದಲ್ಲಿ ಬೀಟ್ರೂಟಿನ ಉಪ್ಪಿನಕಾಯಿ. ಅದರ ಕೆಂಪು ರಸ ಆಲೂಗಡ್ಡೆಯವರೆಗೂ ಹರಿದಿತ್ತು. ಸೆಲ್ಬಿ ಫೋರ್ಕಿನಿಂದ ರಸ ತಾಗದ ತುಂಡುಗಳನ್ನಷ್ಟೇ ಆರಿಸತೊಡಗಿದ. ಎಲ್ಫ್ರೀಡಾ ಅವನ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಮುಖ ನೋಡಿದಳು.

"ಬಾಯಿ ತೆಗಿ," ಅಂದಳು.

"ಅಮ್ಮ, ನಾನೇನು ಮಗುವಾ?"

"ತೆಗಿ ಅಂದೆ."

ತೆಗೆದ. ಅವಳು ಕನ್ನಡಕ ಏರಿಸಿಕೊಂಡು ದೀಪದ ಕೆಳಗೆ ಅವನ ಗಲ್ಲ ಹಿಡಿದು ನೋಡಿದಳು. ಗಲ್ಲ ಬಿಟ್ಟಳು. ಕುರ್ಚಿ ಎಳೆದುಕೊಂಡು ಕೂತಳು.

"ಯಾರು ಹೇಳಿದ್ರು ನಿಂಗೆ?"

ಏನನ್ನು ಎಂದು ಸೆಲ್ಬಿ ಕೇಳಲಿಲ್ಲ. "ಗ್ಯಾಂಡರಿನ ಡಾಕ್ಟರು. ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಮೇಜಿನ ಬಟ್ಟೆಯ ಅಂಚನ್ನು ಮಡಚುತ್ತ, ಬಿಡಿಸುತ್ತ, ಮಾತಾಡತೊಡಗಿದಳು. "ನಿನ್ನ ಅಕ್ಕ ಮಾರ್ಜರಿಗೂ ಅದೇ ಕೆಮ್ಮು ಬಂದಿದ್ದು. ಸುತ್ತ ಹಿಮಗಡ್ಡೆ, ದೋಣಿ ಬರೋ ಹಾಗಿರ್ಲಿಲ್ಲ. ಎಂಟೇ ದಿನದಲ್ಲಿ ಹೋಗ್ಬಿಟ್ಲು. ಮುಂದಿನ ವರ್ಷ ನಿಂಗೆ ಕೆಮ್ಮು ಶುರುವಾದಾಗ ನರ್ಸಮ್ಮ ಹಿಮದ ಮೇಲೆ ನಾಯಿಗಳು ಎಳೆಯೋ ಗಾಡೀಲಿ ಬಂದು ಒಂದು ಶೀಷೆ ಔಷಧಿ ಕೊಟ್ಲು. ಹತ್ತು ದಿನ ಕೊಡು ಅಂದ್ಲು. ನೀನು ಎದ್ದು ಕೂತೆ, ಗಂಜಿ ಕೇಳ್ದೆ. ಆಮೇಲೆ ನೀನು ಒಂದು ಸಲ ಕೆಮ್ಮಿದ್ರೂ ಅವಳು ಬಂದಾಗ ಇನ್ನೊಂದು ಶೀಷೆ ಕೇಳಿ ಇಸ್ಕೊಳ್ತಿದ್ದೆ. ಅವಳು ಬೇಡ ಅಂದ್ರೆ ಜಗಳ ಆಡ್ತಿದ್ದೆ. ಎರಡು ಚಳಿಗಾಲ ಹಾಗೇ ಕುಡಿಸಿದೆ ಕಣೋ."

"ಹಲ್ಲು ಹಾಳಾಗುತ್ತೆ ಅಂತ ಆಗ ನಿಂಗೆ ಗೊತ್ತಿರಲಿಲ್ಲ."

"ಆಗ ಗೊತ್ತಿರಲಿಲ್ಲ. ನಿಂಗೆ ಒಂಬತ್ತು ವರ್ಷ ಆದಾಗ ಶಾಲೆಗೆ ಹಲ್ಲಿನ ಡಾಕ್ಟರೊಬ್ಬ ಬಂದಿದ್ದ. ಹುಡುಗನ್ನ ಬೈಬೇಡಿ, ಅದು ಔಷಧಿಯಿಂದ ಆದದ್ದು ಅಂತ ನನ್ನ ಕರೆದು ಹೇಳ್ದ."

ಸೆಲ್ಬಿ ಫೋರ್ಕನ್ನು ಕೆಳಗಿಟ್ಟ. ಸೋಡಾ ಹಾಕಿ ರಕ್ತ ಬರುವಂತೆ ಉಜ್ಜಿದ್ದು ಒಂಬತ್ತಾದ ಮೇಲೂ ಎಷ್ಟೋ ವರ್ಷ. ಸೋಡಾ ಡಬ್ಬಿ ಖಾಲಿಯಾದಾಗಲೆಲ್ಲ ತಂದಿಡುತ್ತಿದ್ದವಳು ಅಮ್ಮನೇ.

"ನನ್ನ ತುಕ್ಕು ಅಂತಿದ್ರು," ಅಂದ.

"ಗೊತ್ತು."

"ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲಮ್ಮ. ನಾನು ಕೊಳಕ ಅಲ್ಲ ಅಂತ ಒಂದೇ ಒಂದು ಮಾತು."

"ಹೇಳಿದ್ರೆ, ಯಾಕೆ ಕುಡಿಸಿದೆ ಅಂತ ನೀನು ಕೇಳ್ತೀಯ ಅಂತ ಭಯ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ದಿನ ತಳ್ಳಿದೆ. ಆಮೇಲೆ ನೀನು ದೊಡ್ಡವನಾಗಿಬಿಟ್ಟೆ." ಅವಳು ಅಳಲಿಲ್ಲ. "ಕುಡಿಸಿದ್ದಕ್ಕೆ ನಂಗೆ ಬೇಜಾರಿಲ್ಲ ಸೆಲ್ಬಿ. ಇನ್ನೊಂದು ಸಲ ಆದ್ರೂ ಕುಡಿಸ್ತೀನಿ. ಹೇಳದೆ ಇದ್ದದ್ದು ಮಾತ್ರ ನನ್ನ ತಪ್ಪು."

ಸೆಲ್ಬಿ ಎದ್ದು ಕೋಟು ಹಾಕಿಕೊಂಡು ಹೊರಟುಬಿಟ್ಟ. ಮಫ್ಲರು ಕುರ್ಚಿಯ ಮೇಲೇ ಉಳಿಯಿತು. ಗುಡ್ಡದ ಮೇಲಿನ ತನ್ನ ಮನೆಗೆ ನಡೆಯುವಷ್ಟು ದೂರವೂ ಗಾಳಿ ಹಲ್ಲಿನ ಬುಡಕ್ಕೆ ಸೂಜಿ ಚುಚ್ಚಿದಂತೆ ಚುಚ್ಚುತ್ತಿತ್ತು. ಬಾಯಿ ಮುಚ್ಚಿಕೊಳ್ಳಬೇಕೆಂದು ಅವನಿಗೆ ತೋಚಲಿಲ್ಲ. ಮನೆಗೆ ಬಂದು ಹಾಲು ಬ್ರೆಡ್ಡು ತಿಂದು, ಮೆತ್ತನೆಯ ಬ್ರಷ್ಷು ತೆಗೆದುಕೊಂಡು ಕನ್ನಡಿಯ ಮುಂದೆ ನಿಂತ. ಅಭ್ಯಾಸಬಲದಿಂದ ಕೈ ಗಸಗಸನೆ ಉಜ್ಜಲು ಹೋಯಿತು. ನಿಲ್ಲಿಸಿದ. ಹಗುರವಾಗಿ ಉಜ್ಜುವುದು ಹೇಗೆಂಬುದನ್ನು ಆ ಕೈಗೆ ಹೊಸದಾಗಿ ಕಲಿಸಬೇಕಾಯಿತು.

ಶನಿವಾರ ಮಧ್ಯಾಹ್ನ ಬಾಗಿಲಲ್ಲಿ ಸದ್ದಾಯಿತು. ಎಲ್ಫ್ರೀಡಾ ಕೋಲೂರಿಕೊಂಡು ಗುಡ್ಡ ಹತ್ತಿ ಬಂದಿದ್ದಳು. ಒಂದು ಕೈಯಲ್ಲಿ ಟವೆಲು ಸುತ್ತಿದ ಪಾತ್ರೆ, ಕತ್ತಿನಲ್ಲಿ ಅವನದೇ ಮಫ್ಲರು.

"ಫೋನ್ ಮಾಡಿದ್ರೆ ನಾನೇ ಬರ್ತಿದ್ನಲ್ಲ," ಅಂದ ಸೆಲ್ಬಿ.

"ಬರ್ತಿದ್ಯೋ ಇಲ್ವೋ." ಪಾತ್ರೆಯನ್ನು ಒಲೆಯ ಮೇಲಿಟ್ಟು ಮುಚ್ಚಳ ತೆಗೆದಳು. ನೀರಲ್ಲಿ ನೆನೆಸಿ ಉಪ್ಪು ಬಿಡಿಸಿದ ಕಾಡ್ ಮೀನು, ಆಲೂಗಡ್ಡೆ, ಈರುಳ್ಳಿ, ಎಲ್ಲದರ ಮೇಲೆ ಹಾಲಿನ ಗಟ್ಟಿ ಸಾಸು. "ಗ್ಯಾಂಡರಿನ ಆಸ್ಪತ್ರೆಗೆ ಫೋನ್ ಮಾಡ್ದೆ. ಶನಿವಾರ ಅಂತ ಯಾರೋ ಹುಡುಗಿ ಸಿಕ್ಕಿದ್ಲು. ಪಾರ್ಡಿ ಅವರ ಅಮ್ಮ ನಾನು, ಅವನು ಏನು ತಿನ್ಬಹುದು ಹೇಳು ಅಂತ ಕೇಳ್ದೆ. ಬಿಳಿಯಾಗಿರೋದು ಅಂದ್ಲು. ಕರಿಮೆಣಸು ಕೂಡ ಹಾಕಿಲ್ಲ ನೋಡು. ಕ್ಯಾರೆಟ್ ಹಾಕಿದ್ದೆ, ಆಮೇಲೆ ಅನುಮಾನ ಬಂತು, ಒಂದೊಂದಾಗಿ ಆರಿಸಿ ತೆಗೆದು ಬೆಕ್ಕಿಗೆ ಹಾಕ್ದೆ. ಅದು ಮೂಸೂ ನೋಡ್ಲಿಲ್ಲ. ನಿನ್ನೆ ನೀನು ಬೀಟ್ರೂಟನ್ನ ನೋಡಿದ ಹಾಗೇ ನನ್ನ ನೋಡ್ತು."

ಸೆಲ್ಬಿಗೆ ನಗು ಬಂತು. ಒಮ್ಮೆಲೇ, ಜೋರಾಗಿ. ಮುಷ್ಟಿ ಮೇಲೆದ್ದದ್ದು ಅರ್ಧದಲ್ಲೇ ನಿಂತಿತು. ಎಲ್ಫ್ರೀಡಾ ಸೌಟು ಹಿಡಿದುಕೊಂಡು ಅವನ ನಗು ಮುಗಿಯುವವರೆಗೂ ನೋಡುತ್ತ ನಿಂತಳು.

"ನಿಮ್ಮಪ್ಪನ ಬಾಯಿ," ಅಂದಳು. "ಥೇಟ್ ಅದೇ. ನಂಗೆ ಗೊತ್ತೇ ಇರಲಿಲ್ಲ."

ಇಬ್ಬರೂ ಊಟ ಮಾಡಿದರು. ಸಿಟ್ಟು ಆ ಒಂದು ಪಾತ್ರೆಯಲ್ಲಿ ಕರಗಿಹೋಗಲಿಲ್ಲ. ಮುಂದೆಯೂ ಕೆಲವು ದಿನ ಅದು ಬಂದು ಹೋಗುತ್ತಿತ್ತು. ಆದರೆ ತಟ್ಟೆ ತೊಳೆಯುವಾಗ ಅವನಿಗೊಂದು ಯೋಚನೆ ಬಂತು.

"ಆ ಔಷಧಿ ದ್ವೀಪದಲ್ಲಿ ಇನ್ಯಾರಿಗೆ ಕೊಟ್ಟಿದ್ರಮ್ಮ?"

ಅವಳು ಬೆರಳು ಮಡಚಿದಳು. "ಐದು ಜನಕ್ಕೆ. ಮೂರು ಜನ ಹೋಗಿಬಿಟ್ರು ಈಗ. ನೀನು. ಸ್ನೂಕ್ ಮನೆಯ ಹ್ಯೂಬರ್ಟು."

ಹ್ಯೂಬರ್ಟ್ ಸ್ನೂಕ್ ಲೂಯಿಸ್ಪೋರ್ಟ್ ಪಟ್ಟಣದಲ್ಲಿ ಬಡಗಿ. ಸೆಲ್ಬಿಗಿಂತ ಒಂದು ವರ್ಷ ದೊಡ್ಡವನು. ಶಾಲೆಯ ಸಾಲಿನಲ್ಲಿ ಅವನ ಪಕ್ಕದಲ್ಲೇ ನಿಲ್ಲುತ್ತಿದ್ದವನು. ಮುಂದಿನ ಭಾನುವಾರ ಸೆಲ್ಬಿ ಒಂದು ಗಂಟೆ ವ್ಯಾನು ಓಡಿಸಿಕೊಂಡು ಅಲ್ಲಿಗೆ ಹೋದ. ಹ್ಯೂಬರ್ಟು ಶೆಡ್ಡಿನಲ್ಲಿ ಹಲಗೆಗೆ ತೋಪಡಾ ಹೊಡೆದು ನುಣುಪು ಮಾಡುತ್ತಿದ್ದ. ದಪ್ಪ ಮೀಸೆ ತುಟಿಯನ್ನೆಲ್ಲ ಮುಚ್ಚಿತ್ತು. ಆ ಮೀಸೆ ಯಾತಕ್ಕೆಂದು ಸೆಲ್ಬಿಗೆ ನೋಡಿದೊಡನೆ ಅರ್ಥವಾಯಿತು.

"ಏನೋ ಪಾರ್ಡಿ, ದಾರಿ ತಪ್ಪಿತಾ?"

"ನಿಂಗೊಂದು ವಿಷಯ ಹೇಳ್ಬೇಕಿತ್ತು," ಎಂದು ಸೆಲ್ಬಿ ಮರದ ಕೊರಡಿನ ಮೇಲೆ ಕೂತು ಶೀಷೆ, ನರ್ಸಮ್ಮ, ಶಾಲೆಗೆ ಬಂದ ಡಾಕ್ಟರು, ಎಲ್ಲವನ್ನೂ ಹೇಳಿದ. ಹ್ಯೂಬರ್ಟು ತೋಪಡಾ ಕೆಳಗಿಡಲಿಲ್ಲ. ಹಲಗೆಯ ಮೇಲಿನ ಹೊಟ್ಟನ್ನು ಅಂಗೈಯಿಂದ ಒರೆಸುತ್ತಲೇ ಇದ್ದ.

"ನಮ್ಮಪ್ಪ ನಂಗೆ ಮರಳು ಹಾಕಿ ಉಜ್ಜಿಸ್ತಿದ್ದ," ಅಂದ ಕೊನೆಗೆ.

"ಪಾಪ, ಅವನಿಗೆ ಗೊತ್ತಿರಲಿಲ್ಲ ಬಿಡು."

"ಹಾಗಾದ್ರೆ ನಾವು..." ಹ್ಯೂಬರ್ಟು ತೋಪಡಾ ಕೆಳಗಿಟ್ಟ. ಬೆಳಕಿನ ಹತ್ತಿರ ಬಂದು, "ಎಲ್ಲಿ, ತೋರ್ಸು," ಅಂದ.

ಸೆಲ್ಬಿ ತೋರಿಸಿದ. ಅಪ್ಪಟ ಬಿಳಿಯೇನಲ್ಲ, ಹಳೆಯ ದಂತದ ಬಣ್ಣ, ಬುಡದಲ್ಲಿ ಬೂದಿಯ ನೆರಳು.

"ನೋಯುತ್ತಾ?"

"ಎರಡು ಮೂರು ದಿನ ಜುಂ ಅನ್ನುತ್ತೆ. ಬೇರೆ ಪೇಸ್ಟ್ ಕೊಡ್ತಾರೆ, ಅದಕ್ಕೆ ಹೋಗುತ್ತೆ. ಬಾಯಿ ಮುಚ್ಕೊಂಡು ಓಡಾಡಬೇಕು."

"ಅದು ನಂಗೆ ಕಷ್ಟ ಆಗಲ್ಲ," ಎಂದು ಹ್ಯೂಬರ್ಟು ಮೀಸೆಯೊಳಗೇ ಏನೋ ಮಾಡಿದ. ಅದು ನಗುವೇ ಇರಬೇಕು. ಆಮೇಲೆ ಕಿವಿಯ ಮೇಲಿನ ಪೆನ್ಸಿಲು ತೆಗೆದು, ಹಲಗೆಯ ತುಂಡೊಂದನ್ನು ಎಳೆದುಕೊಂಡು, "ಆ ಡಾಕ್ಟರಮ್ಮನ ನಂಬರ್ ಹೇಳು," ಅಂದ.